ಏಲಕ್ಕಿಯ ಪರಿಮಳವೂ ಬುಡದ ಆಯ್ಕೆಯೂ



ಒಂದೇ ತೋಟ, ಒಂದೇ ನೆರಳು, ಒಂದೇ ಗೊಬ್ಬರ. ಆದರೂ ಈ ಬುಡದ ಏಲಕ್ಕಿ ಬಿಡಿಸಿದರೆ ಪಾಯಸ ನೆನಪಾಗುವಂಥ ಸಿಹಿ ಕಂಪು. ಪಕ್ಕದ ಬುಡದ್ದು ಬಿಡಿಸಿದರೆ ಮೂಗಿಗೆ ಕರ್ಪೂರ ಹಿಡಿದ ಹಾಗೆ. ಯಾಕೆ ಹೀಗೆ? "ಎಲ್ಲಾ ಮಣ್ಣಿನ ಗುಣ" ಅಂತ ಹೇಳಿ ಸುಮ್ಮನಾಗುವವರೇ ಜಾಸ್ತಿ. ಮಣ್ಣಿನ ಪಾತ್ರ ಇಲ್ಲವೆಂದಲ್ಲ. ಆದರೆ ಮುಖ್ಯ ಕಾರಣ ಬುಡದ ಹುಟ್ಟುಗುಣದಲ್ಲೇ ಇದೆ. ಹೊಸದಾಗಿ ತೋಟ ಹಾಕುವವರೂ, ಕಟ್ಟೆ ರೋಗ ಬಂದು ಬುಡಗಳನ್ನು ಕಿತ್ತು ಮರುನಾಟಿ ಮಾಡುವವರೂ ಇದನ್ನು ತಿಳಿದುಕೊಳ್ಳಬೇಕು. ಇವತ್ತು ನೆಟ್ಟ ಕಂದು ಹತ್ತು ವರ್ಷ ನಿಮ್ಮ ತೋಟದಲ್ಲೇ ಇರುವಂಥಾದ್ದು. ಆರಿಸುವಾಗ ಎಡವಿದರೆ ಹತ್ತು ವರ್ಷವೂ ಅದನ್ನೇ ಕೊಯ್ಯಬೇಕಾಗುತ್ತದೆ.

ಪರಿಮಳವೆಂದರೆ ಒಂದು ಎಣ್ಣೆ. ಕಡಲೆಕಾಯಿ ಎಣ್ಣೆಯಂಥ ಜಿಡ್ಡೆಣ್ಣೆಯಲ್ಲ. ಅದು ಕಾಗದದ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ. ಇದು ಹಾರುವ ಎಣ್ಣೆ. ಒಂದು ಹನಿ ಬಿಟ್ಟು ನೋಡಿ, ಮೆಲ್ಲಗೆ ಗಾಳಿಗೆ ಸೇರಿಹೋಗುತ್ತದೆ. ಹಾಗೆ ಹಾರಿ ಬಂದದ್ದೇ ನಿಮ್ಮ ಮೂಗಿಗೆ ಸಿಕ್ಕುವ ವಾಸನೆ. ಅಂದಮೇಲೆ, ಒಣಗಿಸುವ ಮನೆಯೆಲ್ಲಾ ಘಮಘಮ ಅಂದರೆ ಹಿಗ್ಗಬೇಡಿ. ಕಾಯಿಯಲ್ಲಿ ಇರಬೇಕಾದ್ದು ಅಷ್ಟರಮಟ್ಟಿಗೆ ಹೊರಗೆ ಹೋಯಿತು ಎಂದೇ ಅರ್ಥ.

ಈ ಎಣ್ಣೆಯಲ್ಲಿ ಇರುವ ಪದಾರ್ಥಗಳ ದೊಡ್ಡ ಕುಲಕ್ಕೆ ಟರ್ಪೀನು ಎಂದು ಹೆಸರು. ಬಣ್ಣ ಬಳಿಯುವವರು ಉಪಯೋಗಿಸುವ ಟರ್ಪೆಂಟೈನ್ ಇದೆಯಲ್ಲ, ಪೈನ್ ಮರದ ಅಂಟಿನಿಂದ ತೆಗೆಯುವುದು, ಅದರಿಂದ ಬಂದ ಹೆಸರು. ಐದೈದು ಇಂಗಾಲದ ಪರಮಾಣುಗಳ ತುಂಡುಗಳನ್ನು ಮಣಿ ಪೋಣಿಸಿದಂತೆ ಪೋಣಿಸಿ ಗಿಡ ಇವನ್ನು ತಯಾರಿಸುತ್ತದೆ. ಎರಡು ಮಣಿ ಸೇರಿದ್ದು ಹಗುರ, ಬೇಗ ಹಾರುತ್ತದೆ. ಮೂರು ಸೇರಿದ್ದು ಭಾರ, ನಿಂತು ನಿಧಾನವಾಗಿ ಹೋಗುತ್ತದೆ. ಈ ಕುಲವನ್ನು ಬಿಡಿಸಿ ತೋರಿಸಿದ ಜರ್ಮನಿಯ ಆಟೊ ವಾಲಾಕ್ ಎಂಬುವರಿಗೆ 1910ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು. ನಿಂಬೆಸಿಪ್ಪೆ, ನೀಲಗಿರಿ ಸೊಪ್ಪು, ಮಜ್ಜಿಗೆ ಹುಲ್ಲು, ಶ್ರೀಗಂಧ ಎಲ್ಲದರ ವಾಸನೆಯೂ ಈ ಕುಲದ್ದೇ.

ಏಲಕ್ಕಿಯ ಎಣ್ಣೆಯಲ್ಲಿ ದೊಡ್ಡ ಪಾಲು ಎರಡೇ ಪದಾರ್ಥಗಳದ್ದು. ಒಂದು ಸಿನಿಯೋಲ್. ನೀಲಗಿರಿ ಎಣ್ಣೆಯಲ್ಲಿ ಇರುವುದೂ ಇದೇ. ತಣ್ಣಗೆ, ಕರ್ಪೂರದಂತೆ ಮೂಗಿಗೆ ಏರುತ್ತದೆ. ಇನ್ನೊಂದು ಟರ್ಪಿನೈಲ್ ಅಸಿಟೇಟ್. ಹೆಸರು ಬಾಯಿಗೆ ಒರಟು, ಗುಣ ಮಾತ್ರ ಮೃದು. ಏಲಕ್ಕಿಯ ಸಿಹಿ ಕಂಪು ಮುಖ್ಯವಾಗಿ ಇದರದ್ದು. ಇವೆರಡರ ತಕ್ಕಡಿ ಯಾವ ಕಡೆಗೆ ವಾಲುತ್ತದೋ ಕಾಯಿಯ ಪರಿಮಳವೂ ಆ ಕಡೆಗೆ.

ಹೂಗೊನೆ ನೆಲದ ಮೇಲೆ ಹರಿಯುವ ಮಲಬಾರ್ ಜಾತಿಯಲ್ಲಿ ಸಾಮಾನ್ಯವಾಗಿ ಸಿನಿಯೋಲ್ ಪಾಲು ಹೆಚ್ಚು. ಗೊನೆ ನೆಟ್ಟಗೆ ನಿಲ್ಲುವ ಮೈಸೂರು ಜಾತಿಯಲ್ಲಿ ಸಿಹಿಯ ಪಾಲು ಹೆಚ್ಚು. ತಮಾಷೆ ಏನಪ್ಪಾ ಅಂದರೆ, ನಮ್ಮ ಕೊಡಗು, ಹಾಸನ, ಚಿಕ್ಕಮಗಳೂರುಗಳಲ್ಲಿ ಹೆಚ್ಚಾಗಿ ಇರುವುದು ಮಲಬಾರ್ ಜಾತಿ; ಮೈಸೂರು ಎಂಬ ಹೆಸರು ಹೊತ್ತದ್ದು ಕೇರಳದ ಎತ್ತರದ ಬೆಟ್ಟಗಳಲ್ಲಿ ಕೂತಿದೆ! ಹಾಗೆಂದು ನಮ್ಮದು ಕೀಳಲ್ಲ. ಮಲಬಾರ್ ಜಾತಿಯ ಒಳಗೇ ಬುಡದಿಂದ ಬುಡಕ್ಕೆ ವ್ಯತ್ಯಾಸವುಂಟು. ಏಲಕ್ಕಿ ಹೂವಿಗೆ ಜೇನುನೊಣ ಪರಾಗ ತರುತ್ತದೆ, ಯಾವ ಬುಡದ್ದನ್ನು ಯಾವುದಕ್ಕೆ ತಂದಿತೋ ಹೇಳಬರುವುದಿಲ್ಲ. ಆದ್ದರಿಂದ ಬೀಜದ ಸಸಿಗಳು ಒಂದರಂತೆ ಒಂದಿರುವುದಿಲ್ಲ. ಕಂದು ತೆಗೆದು ನೆಟ್ಟರೆ ಹಾಗಲ್ಲ, ತಾಯಿಯ ಗುಣವೇ ಬರುತ್ತದೆ.

ಹಾಗಾದರೆ ಒಳ್ಳೆಯ ತಾಯಿಬುಡ ಯಾವುದೆಂದು ಕಂಡುಕೊಳ್ಳುವುದು ಹೇಗೆ? ಇಳುವರಿ ಚೆನ್ನಾಗಿರುವ ನಾಲ್ಕಾರು ಬುಡಗಳಿಗೆ ಗುರುತಿನ ಚೀಟಿ ಕಟ್ಟಿರಿ. ಒಂದೇ ಕೊಯ್ಲಿನಲ್ಲಿ, ಒಂದೇ ಹದದ ಕಾಯಿಗಳನ್ನು ಬೇರೆಬೇರೆಯಾಗಿ ಕೊಯ್ದು ಒಂದೇ ತಟ್ಟೆಯಲ್ಲಿ ಒಣಗಿಸಿರಿ. ಹದ ಅಂದರೆ, ಸಿಪ್ಪೆ ಇನ್ನೂ ಹಸಿರಾಗಿರಬೇಕು, ಒಳಗಿನ ಬೀಜ ಕಪ್ಪಾಗಿರಬೇಕು. ಬೀಜ ಬೆಳ್ಳಗಿದ್ದರೆ ಎಳಸು, ಒಣಗಿದ ಮೇಲೆ ಮುರುಟುತ್ತದೆ. ತೀರಾ ಹಣ್ಣಾದರೆ ಒಣಗುವಾಗ ಬಾಯಿ ಬಿಡುತ್ತದೆ. ಒಣಗಿದ ಮೇಲೆ ಪ್ರತಿ ಬುಡದಿಂದ ಹತ್ತು ಕಾಯಿ ಬಿಡಿಸಿ, ಬೀಜ ಮಾತ್ರ ಕುಟ್ಟಿ, ಬೇರೆಬೇರೆ ಬಟ್ಟಲಿಗೆ ಹಾಕಿ. ಬಟ್ಟಲಿನ ತಳಕ್ಕೆ ಅಂಕೆ ಬರೆಯಿರಿ. ಮೂಸುವವರಿಗೆ ಯಾವುದು ಯಾವ ಬುಡದ್ದೆಂದು ಹೇಳಬೇಡಿ. ಹೇಳಿದರೆ ಯಜಮಾನರು ತಮಗೆ ಪ್ರೀತಿಯ ಬುಡಕ್ಕೇ ಓಟು ಹಾಕುತ್ತಾರೆ. ಈ ಕೆಲಸಕ್ಕೆ ಮನೆಯ ಹೆಂಗಸರೇ ಸರಿ. ವರ್ಷವಿಡೀ ಏಲಕ್ಕಿ ಕುಟ್ಟಿದ ಮೂಗು ಅವರದು.

ಕುಟ್ಟಿದ ಕೂಡಲೇ ಒಮ್ಮೆ ಮೂಸಿ. ಬಟ್ಟಲನ್ನು ತೆರೆದಿಟ್ಟು ಬೆಳಗ್ಗೆ ಮತ್ತೊಮ್ಮೆ ಮೂಸಿ. ಸಿನಿಯೋಲ್ ಬೇಗ ಹಾರುವಂಥಾದ್ದು, ಮೊದಲು ಏರುವುದೂ ಅದೇ, ಮೊದಲು ಇಳಿಯುವುದೂ ಅದೇ. ಬೆಳಗ್ಗೆಯೂ ಸಿಹಿ ಕಂಪು ನಿಂತಿದ್ದರೆ ಆ ಬುಡದಲ್ಲಿ ಎರಡನೆಯದರ ಪಾಲು ಚೆನ್ನಾಗಿದೆ ಎಂದು ಊಹಿಸಬಹುದು. ಇದು ಮನೆಯ ಪರೀಕ್ಷೆ, ಪ್ರಯೋಗಶಾಲೆಯದಲ್ಲ. ಒಂದು ಕೊಯ್ಲಿಗೆ ನಂಬಬೇಡಿ, ಎರಡು ಮೂರು ಕೊಯ್ಲು ನೋಡಿ. ಇನ್ನೊಂದು ಮಾತು: ಎಷ್ಟೇ ಪರಿಮಳವಿರಲಿ, ಎಲೆಯಲ್ಲಿ ತಿಳಿಹಸಿರು ಗೆರೆಗೆರೆ ಕಂಡ ಬುಡದಿಂದ ಕಂದು ತೆಗೆಯಲೇಬೇಡಿ. ಕಟ್ಟೆ ರೋಗ ಕಂದಿನ ಜೊತೆಗೇ ಬರುತ್ತದೆ. ಮೂಡಿಗೆರೆಯಲ್ಲೂ ಕೊಡಗಿನ ಅಪ್ಪಂಗಳದಲ್ಲೂ ಏಲಕ್ಕಿ ಸಂಶೋಧನೆ ನಡೆಯುತ್ತದೆ. ಸಂದೇಹವಿದ್ದರೆ ಅಲ್ಲಿ ಕೇಳಿ ತಿಳಿಯಿರಿ.

ವಾಸನೆಗೂ ಕಸುವಿಗೂ ಗಂಟು ಹಾಕುವ ಅಭ್ಯಾಸ ನಮ್ಮಲ್ಲಿದೆ, ಅದನ್ನು ಬಿಡಬೇಕು. ಕರಿಮೆಣಸನ್ನೇ ನೋಡಿ. ಅದರ ವಾಸನೆ ಪೈನೀನ್, ಕ್ಯಾರಿಯೋಫಿಲೀನ್ ಮೊದಲಾದ ಟರ್ಪೀನುಗಳದ್ದು; ಖಾರ ಮಾತ್ರ ಪೈಪರಿನ್ ಎಂಬ ಬೇರೆಯೇ ಪದಾರ್ಥದ್ದು. ಅದು ಹಾರುವುದಿಲ್ಲ, ಮೂಗಿಗೆ ಸಿಕ್ಕುವುದೂ ಇಲ್ಲ. ಹಳೆಯ ಮೆಣಸಿನಪುಡಿ ವಾಸನೆ ಕಳಕೊಂಡರೂ ನಾಲಿಗೆ ಸುಡುವುದು ಅದಕ್ಕೇ. ಇದೇ ಕ್ಯಾರಿಯೋಫಿಲೀನ್ ಗಾಂಜಾ ಗಿಡದಲ್ಲೂ ಇದೆ. ಕೆನಡಾ ದೇಶದಲ್ಲಿ 2018ರಿಂದ ಅದರ ಮಾರಾಟಕ್ಕೆ ಕಾನೂನಿನ ಒಪ್ಪಿಗೆಯುಂಟು. ಅಲ್ಲಿ ಟರ್ಪೀನುಗಳ ಹೆಸರು ಹೇಳಿ, ಈ ವಾಸನೆಯದು ನಿದ್ದೆಗೆ, ಆ ವಾಸನೆಯದು ಹುರುಪಿಗೆ ಎಂದು ಮಾರುವವರಿದ್ದಾರೆ. ಅಮಲು ತರುವ ಪದಾರ್ಥವೇ ಬೇರೆ, ಅದರ ಪ್ರಮಾಣ ಮೂಸಿದರೆ ತಿಳಿಯದು. ನಿದ್ದೆ, ಹುರುಪಿನ ಮಾತಿಗೆ ಗಟ್ಟಿ ಆಧಾರವೂ ಸಾಲದು. ನಮ್ಮಲ್ಲಿ ಅದನ್ನು ಪರವಾನಗಿಯಿಲ್ಲದೆ ಬೆಳೆಯುವುದು 1985ರ ಕಾಯಿದೆಯ ಪ್ರಕಾರ ಅಪರಾಧ, ಆದ್ದರಿಂದ ಆ ಮಾತು ಇಲ್ಲಿಗೆ ಸಾಕು.

ಇನ್ನು ಒಣಗಿಸುವ ವಿಚಾರ. ಬುಡ ಎಷ್ಟೇ ಒಳ್ಳೆಯದಿರಲಿ, ಗೂಡಿನಲ್ಲಿ ಕೆಡಿಸಬಹುದು. ಹಸಿ ಕಾಯಿಯಲ್ಲಿ ನೂರಕ್ಕೆ 80ರಷ್ಟು ನೀರು. ಅದನ್ನು 10ರ ಹತ್ತಿರ ತರಬೇಕು. ಬೇಗ ಮುಗಿಯಲಿ ಅಂತ ಬೆಂಕಿ ಜೋರು ಮಾಡಿದಿರೋ, ನೀರಿನ ಜೊತೆ ಎಣ್ಣೆಯೂ ಎದ್ದುಹೋಗುತ್ತದೆ, ಸಿಪ್ಪೆಯ ಹಸಿರೂ ಹೋಗುತ್ತದೆ. 45ರಿಂದ 50 ಡಿಗ್ರಿ ಸೆಂಟಿಗ್ರೇಡ್ ಶಾಖವೇ ಹದ. ಒಂದು ಉಷ್ಣಮಾಪಕ ತಂದು ಗೂಡಿನಲ್ಲಿ ತೂಗುಹಾಕಿ. ಕೈಯಿಟ್ಟು ನೋಡುವ ಲೆಕ್ಕ ನಂಬಿಕೆಗೆ ಬಾರದು. ಬಿಸಿಲಲ್ಲಿ ಒಣಗಿಸಿದರೆ ಬಣ್ಣ ಬಿಳಿಚುತ್ತದೆ.

"ಪರಿಮಳಕ್ಕೆ ಸಾಹುಕಾರ ಹೆಚ್ಚಿಗೆ ಕಾಸು ಕೊಡುತ್ತಾನೇನ್ರೀ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹರಾಜಿನಲ್ಲಿ ಮೊದಲು ನೋಡುವುದು ಕಾಯಿಯ ಗಾತ್ರ, ಹಸಿರು ಬಣ್ಣ, ಒಂದು ಲೀಟರ್ ಅಳತೆಗೆ ಎಷ್ಟು ತೂಗುತ್ತದೆ ಎನ್ನುವುದು. ಪರಿಮಳಕ್ಕೇ ಬೇರೆ ದರವೆಂದು ನಾನು ಆಸೆ ಹಚ್ಚುವುದಿಲ್ಲ. ಆದರೆ ಎಣ್ಣೆಯಿರುವುದು ಬೀಜದಲ್ಲಿ, ಸಿಪ್ಪೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬೀಜ ತುಂಬಿದ ಕಾಯಿ ಲೀಟರಿಗೆ ಹೆಚ್ಚು ತೂಗುತ್ತದೆ. ಹದವಾಗಿ ಕೊಯ್ದು ಹದವಾಗಿ ಒಣಗಿಸಿದ್ದು ಹಸಿರಾಗಿಯೂ ಇರುತ್ತದೆ. ಹಾಗಾಗಿ ಕಂಪನ್ನು ಉಳಿಸುವ ಕೆಲಸದಲ್ಲಿ ದರವನ್ನು ಉಳಿಸುವ ಕೆಲಸವೂ ಬಹುಪಾಲು ಆಗಿಬಿಡುತ್ತದೆ. ಗಾತ್ರಕ್ಕೆ ಮರುಳಾಗಿ ಟೊಳ್ಳು ಕಾಯಿಯ ಬುಡವನ್ನು ಮಾತ್ರ ಆರಿಸಬೇಡಿ.

ಒಣಗಿದ್ದನ್ನು ಆರಿಸಿ, ಒಳಗೆ ಕಪ್ಪು ಪಾಲಿಥೀನ್ ಹಾಸಿದ ಗೋಣಿಚೀಲದಲ್ಲಿ ಕಟ್ಟಿ, ತೇವವೂ ಬೆಳಕೂ ತಾಗದ ಕಡೆ ಇಡಿ. ಮನೆಗೆಂದು ಇಟ್ಟುಕೊಂಡದ್ದನ್ನು ಬಿಡಿಸಿ ಪುಡಿಮಾಡಿ ಡಬ್ಬಿ ತುಂಬಬೇಡಿ. ಸಿಪ್ಪೆಯೊಳಗೆ ಇರುವತನಕ ಎಣ್ಣೆಗೆ ರಕ್ಷಣೆ. ಬೇಕಾದಾಗ ಬೇಕಾದಷ್ಟೇ ಕುಟ್ಟಿ, ಪಾಯಸ ಒಲೆಯಿಂದ ಇಳಿಸಿದ ಮೇಲೆ ಹಾಕಿ ಮುಚ್ಚಿಡಿ.