ಗೋಳದ ಮೇಲಿನ ತ್ರಿಕೋನ
ಬೆಳಕಿನ ಅಲೆ ಕಂಪಿಸುವ ಬಗೆಗೆ ಧ್ರುವೀಕರಣವೆಂದು ಹೆಸರು. ಅದರ ಪ್ರತಿಯೊಂದು ಸ್ಥಿತಿಯನ್ನೂ ಕಾಲ್ಪನಿಕ ಗೋಳವೊಂದರ ಮೇಲೆ ಬಿಂದುವಾಗಿ ಗುರುತಿಸಬಹುದು. 1956ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ, ಇಪ್ಪತ್ತೆರಡರ ಹರೆಯದ ಎಸ್. ಪಂಚರತ್ನಂ ಅವರು, ಇಂತಹ ಮೂರು ಸ್ಥಿತಿಗಳನ್ನು ಸುತ್ತಿ ಮರಳಿದ ಬೆಳಕು ಮೊದಲಿನಂತೆಯೇ ಇರದೆಂದು ತೋರಿಸಿದರು. ಅಲೆಯ ಉಬ್ಬುತಗ್ಗುಗಳು ತುಸು ಪಲ್ಲಟಗೊಂಡಿರುತ್ತವೆ. ಈ ಪಲ್ಲಟವು ಕ್ರಮಿಸಿದ ದೂರದಿಂದ ಬಂದುದಲ್ಲ. ಆ ಬಿಂದುಗಳ ತ್ರಿಕೋನವು ಗೋಳದ ಕೇಂದ್ರದಲ್ಲಿ ರಚಿಸುವ ಘನಕೋನದ ಸರಿಯಾಗಿ ಅರ್ಧದಷ್ಟು.

1984ರಲ್ಲಿ ಬ್ರಿಟನ್ನಿನ ಮೈಕೇಲ್ ಬೆರಿ ಅವರು ಕ್ವಾಂಟಂ ವ್ಯವಸ್ಥೆಗಳಲ್ಲಿಯೂ ಇಂತಹ ರೇಖಾಗಣಿತೀಯ ಪಲ್ಲಟವನ್ನು ಕಂಡರು. ಎಲೆಕ್ಟ್ರಾನಿನ ಸ್ಪಿನ್ನಿಗೂ ಅಂತಹುದೇ ಗೋಳ, ಅದೇ ಅರ್ಧದ ನಿಯಮ. ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಅವರು 1986ರಲ್ಲಿ ಹಳೆಯ ಪ್ರಬಂಧದತ್ತ ಗಮನ ಸೆಳೆದರು. ಮರುವರ್ಷ ಬೆರಿಯವರೇ ಅದರ ಹಿರಿಮೆಯನ್ನು ವಿವರಿಸಿ ಬರೆದರು. ಪಂಚರತ್ನಂ ಅವರು 1969ರಲ್ಲಿಯೇ, 35ನೆಯ ವಯಸ್ಸಿನಲ್ಲಿ, ನಿಧನರಾಗಿದ್ದರು.