ಅಂಗಡಿ ಮುಂದೆ ಅರ್ಧ ಸೆಕೆಂಡು!

ಮ್ಯಾರಥಾನ್ ಓಟ ಎಷ್ಟು ದೂರದ್ದು ಅಂತ ಕಲ್ಯಾಣ-ಹುಮನಾಬಾದ್ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ತಿಳಿಸುವುದು ಸುಲಭ. ಬಸವಕಲ್ಯಾಣ ಬಿಟ್ಟು, ಸಸ್ತಾಪುರ ಬಂಗ್ಲಾ ದಾಟಿ ಹುಮನಾಬಾದ್ ಮುಟ್ಟಬೇಕು. ಅಲ್ಲಿ ಒಂದು ಕಪ್ ಛಾಕ್ಕೂ ನಿಲ್ಲದೆ ಹೊರಳಿ, ರಾಜೇಶ್ವರದ ಹಾದಿ ಹಿಡಿದು ಮತ್ತೆ ಸುಮಾರು 12 ಕಿ.ಮೀ. ಬರಬೇಕು. ಲೆಕ್ಕದ ಪ್ರಕಾರ 42 ಕಿ.ಮೀ. 195 ಮೀಟರ್. ಬಸ್ಸಿನಲ್ಲಲ್ಲ, ಕಾಲ ಮೇಲೆ!

ಇಷ್ಟು ದೂರವನ್ನು ಕೀನ್ಯಾ ದೇಶದ ಕೆಲ್ವಿನ್ ಕಿಪ್ಟಮ್ 2023ರ ಅಕ್ಟೋಬರ್ 8ರಂದು ಅಮೆರಿಕದ ಶಿಕಾಗೋದಲ್ಲಿ 2 ಗಂಟೆ 35 ಸೆಕೆಂಡಿನಲ್ಲಿ ಓಡಿ ಮುಗಿಸಿದ. ಅಲ್ಲಿಯ ತನಕ ಇದ್ದ ವಿಶ್ವದಾಖಲೆಗಿಂತ 34 ಸೆಕೆಂಡು ಕಡಿಮೆ.

ರಸ್ತೆ ಬದಿ ನಿಂತು ಅದನ್ನು ಕಣ್ಣಾರೆ ಕಂಡವರಿಗೆ ದಕ್ಕಿದ್ದೆಷ್ಟು? ಅವನ ವೇಗ ತಾಸಿಗೆ 21 ಕಿ.ಮೀ. ಹತ್ತು ಅಡಿ ಅಗಲದ ಕಿರಾಣಿ ಅಂಗಡಿ ಮುಂದೆ ಹಾದರೆ, ಗಲ್ಲಾದಲ್ಲಿ ಕೂತವರಿಗೆ ಕಾಣುವುದು ಅರ್ಧ ಸೆಕೆಂಡು! ಗಿರಾಕಿಗೆ ಚಿಲ್ಲರೆ ಎಣಿಸಿ ತಲೆ ಎತ್ತುವುದರೊಳಗೆ ದಾಖಲೆ ದಾಟಿ ಹೋಗಿರುತ್ತದೆ.

ಆದರೂ ಮಂದಿ ಕಾಯುತ್ತಾರೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ನಾವು ತೇರಿಗೆ ಕಾಯುವುದಿಲ್ಲವೇ, ಹಾಗೆ. ಶಿಕಾಗೋದಲ್ಲಿ ಕಾದವರು ಪುಣ್ಯವಂತರೇ ಸೈ. ಅದು ಕಿಪ್ಟಮ್‌ನ ಮೂರನೇ ಮ್ಯಾರಥಾನ್, ಕಡೆಯದೂ ಅದೇ. 2024ರ ಫೆಬ್ರವರಿಯಲ್ಲಿ ಕಾರು ಅಪಘಾತದಲ್ಲಿ, 24ನೇ ವಯಸ್ಸಿಗೇ ತೀರಿಕೊಂಡ.

ನೋಡಿ ಸುಮ್ಮನಾಗಲಿಲ್ಲ

ನೋಡುವವರದು ಬರೀ ಚಪ್ಪಾಳೆಯ ಕೆಲಸವಲ್ಲ. ನೂರು ವರ್ಷದ ಹಿಂದಿನ ಮಾತು. ಪುಣೆಯ ಡೆಕ್ಕನ್ ಜಿಮ್‌ಖಾನಾದ ಆಟೋಟದಲ್ಲಿ ರೈತರ ಮಕ್ಕಳು ಬರಿಗಾಲಲ್ಲಿ ಓಡುವುದನ್ನು ದೊರಾಬ್ಜಿ ಟಾಟಾ ಕಂಡರು. ಹುಡುಗರಿಗೆ ನಿಯಮ ಗೊತ್ತಿಲ್ಲ, ತರಬೇತಿ ಇಲ್ಲ. ಆದರೆ ಓಟ ಮಾತ್ರ ಯುರೋಪಿನವರಿಗೆ ಕಡಿಮೆಯಿಲ್ಲ. ಟಾಟಾ ನೋಡಿ ಸುಮ್ಮನೆ ಮನೆಗೆ ಹೋಗಲಿಲ್ಲ. ಕೈಯಿಂದ ಹಣ ಹಾಕಿ 1920ರ ಆಂಟ್ವರ್ಪ್ ಒಲಿಂಪಿಕ್ಸಿಗೆ ತಂಡ ಕಳಿಸಲು ಓಡಾಡಿದರು.

ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಇದ್ದರು. ಆ ವರ್ಷ ಮ್ಯಾರಥಾನ್ ದಾರಿ ಇನ್ನೂ ಉದ್ದ, 42 ಕಿ.ಮೀ. 750 ಮೀಟರ್. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿಗೆ ಓಡಿ 19ನೆಯವರಾಗಿ ಬಂದರು. ವಿಶ್ವದಾಖಲೆ ಮುರಿಯಲಿಲ್ಲ, ಖರೆ. ಆದರೆ ಒಲಿಂಪಿಕ್ ಮ್ಯಾರಥಾನ್ ಮುಗಿಸಿದ ಮೊದಲ ಭಾರತೀಯ ನಮ್ಮ ಬೆಳಗಾವಿಯವರು!

ನಮ್ಮ ರಸ್ತೆಯ ಹುಡುಗರು

ಈಗ ನಮ್ಮೂರಿಗೆ ಬರೋಣ. ಪೊಲೀಸ್ ಭರ್ತಿಗೆಂದು, ಮಿಲಿಟರಿಗೆಂದು ನಸುಕಿನಲ್ಲೇ ರಸ್ತೆ ಬದಿ ಓಡುವ ಹುಡುಗರನ್ನು ಮೊದಲ ಬಸ್ಸಿನವರು ನೋಡಿರುತ್ತಾರೆ. ಕಾನ್‌ಸ್ಟೇಬಲ್ ಭರ್ತಿಯಲ್ಲಿ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಕಿಪ್ಟಮ್ ಅಷ್ಟೇ ದೂರವನ್ನು ಸುಮಾರು ನಾಲ್ಕೂವರೆ ನಿಮಿಷದಂತೆ, ಒಂದರ ಹಿಂದೊಂದು 26 ಸಲ ಓಡಿದ. ಅಂಥ ಕಾಲು ನಮ್ಮಲ್ಲಿ ಇಲ್ಲವೆಂದು ಯಾರು ಹೇಳಬಲ್ಲರು? ಗಡಿಯಾರ ಹಿಡಿದು ನೋಡಿದವರಾದರೂ ಯಾರು?

ಹೆದ್ದಾರಿಯಲ್ಲಿ ಕತ್ತಲು, ಲಾರಿಗಳ ಭರಾಟೆ. ಡ್ರೈವರ್ ಅಣ್ಣಂದಿರೇ, ಹುಡುಗರು ಕಂಡರೆ ಲೈಟು ಡಿಪ್ ಮಾಡಿ, ವೇಗ ತಗ್ಗಿಸಿ. ಹೊಟೇಲಿನವರೇ, ಒಂದು ಕೊಡ ನೀರು ಹೊರಗಿಡಿ. ಮುಖಂಡರೇ, ಭಾಷಣಕ್ಕೆ ಸಿಗುವ ಮೈದಾನ ಬೆಳಗಿನ ಎರಡು ತಾಸು ಓಟಕ್ಕೂ ಸಿಗಲಿ, ದೀಪದ ಸಮೇತ. ದೊಡ್ಡ ಖರ್ಚೇನಲ್ಲ ನೋಡ್ರಿ.