ಅಜ್ಜಿಯ ಸಂಕಟ ಮೊಮ್ಮಗಳ ಹಣೆಬರಹವಲ್ಲ

1944ರ ಸೆಪ್ಟೆಂಬರಿನಲ್ಲಿ ನೆದರ್‌ಲೆಂಡ್ಸ್‌ನ ರೈಲ್ವೆ ನೌಕರರು ಮುಷ್ಕರ ಹೂಡಿದರು. ಅದರ ಸೇಡಿಗೆ, ದೇಶವನ್ನು ಆಕ್ರಮಿಸಿಕೊಂಡಿದ್ದ ಜರ್ಮನ್ ಸೇನೆ ಪಶ್ಚಿಮ ಭಾಗಕ್ಕೆ ಆಹಾರ ಸಾಗದಂತೆ ತಡೆಯಿತು. ಮೇಲಿಂದ ಚಳಿಗೆ ಕಾಲುವೆಗಳೂ ಹೆಪ್ಪುಗಟ್ಟಿದವು. ದಿನದ ಪಡಿತರ ಸಾವಿರ ಕ್ಯಾಲೊರಿಗೂ ಕೆಳಗಿಳಿಯಿತು. ಜನ ಟ್ಯೂಲಿಪ್ ಗೆಡ್ಡೆ ಬೇಯಿಸಿಕೊಂಡು ತಿಂದರು. ಸುಮಾರು 20,000 ಮಂದಿ ಸತ್ತರು. 1945ರ ಮೇ ತಿಂಗಳಲ್ಲಿ ಯುದ್ಧ ಮುಗಿದು ಹೊಟ್ಟೆಗೆ ಅನ್ನ ಸಿಕ್ಕಿತು.

ಅರವತ್ತು ವರ್ಷಗಳ ಮೇಲೆ ವಿಜ್ಞಾನಿಗಳು ಆ ಬರದಲ್ಲಿ ತಾಯಿಯ ಹೊಟ್ಟೆಯಲ್ಲಿ ಮೊಳೆತ 60 ಮಂದಿಯ ರಕ್ತವನ್ನು ಅವರ ಒಡಹುಟ್ಟಿದವರ ರಕ್ತದೊಂದಿಗೆ ಹೋಲಿಸಿದರು. ಬೆಳವಣಿಗೆಗೆ ಬೇಕಾದ ಐಜಿಎಫ್2 ಎಂಬ ಜೀನಿನ ಮೇಲೆ ಬರದಲ್ಲಿ ಮೊಳೆತವರಲ್ಲಿ ಮೀಥೈಲ್ ಗುರುತುಗಳು ಕಡಿಮೆ ಇದ್ದವು. ಒಂದು ಕಾರ್ಬನ್, ಮೂರು ಹೈಡ್ರೋಜನ್ ಸೇರಿದ ಈ ಪುಟ್ಟ ಗುಂಪು ಡಿಎನ್‌ಎಯ ಅಕ್ಷರಗಳನ್ನು ತಿದ್ದುವುದಿಲ್ಲ. ಜೀನ್ ಎಷ್ಟು ಕೆಲಸ ಮಾಡಬೇಕೆಂಬುದನ್ನು ಪ್ರಭಾವಿಸುತ್ತದೆ. ಎಪಿಜೆನೆಟಿಕ್ಸ್ ಅಭ್ಯಾಸ ಮಾಡುವುದು ಇಂಥವನ್ನೇ. ಅಚ್ಚರಿಯೆಂದರೆ, ತುಂಬುಗರ್ಭದಲ್ಲಿ ಬರ ಕಂಡವರಲ್ಲಿ ಈ ವ್ಯತ್ಯಾಸ ಇರಲಿಲ್ಲ. ಹುಟ್ಟುವಾಗ ಸಣಕಲಾಗಿದ್ದವರು ಅವರೇ!

ಇಷ್ಟು ತಿಳಿದದ್ದೇ ತಡ, ಪೂರ್ವಿಕರ ನೋವೆಲ್ಲ ನಮ್ಮ ಜೀನಿನಲ್ಲಿ ಅಚ್ಚಾಗಿದೆ ಎಂಬ ಮಾತು ಹಬ್ಬಿತು. ಅದಕ್ಕೆ ಪುರಾವೆ ಸಾಲದು. ಬಸುರಿ ಹಸಿದಾಗ ಅವಳ ಕೂಸೂ ಹಸಿದಿರುತ್ತದೆ. ಕೂಸು ಹೆಣ್ಣಾದರೆ ಅದರೊಳಗೆ ಆಗಲೇ ರೂಪುಗೊಳ್ಳುತ್ತಿರುವ ಅಂಡಾಣುಗಳಿಗೂ ಆ ಬಿಸಿ ತಟ್ಟುತ್ತದೆ. ಹಾಗಾಗಿ ಮೊಮ್ಮಗಳಲ್ಲಿ ಕಂಡದ್ದನ್ನು ವಂಶಪಾರಂಪರ್ಯ ಎನ್ನಲಾಗದು, ಮರಿಮೊಮ್ಮಕ್ಕಳವರೆಗೂ ನೋಡಬೇಕು. ಸಾಲದ್ದಕ್ಕೆ, ಈ ಗುರುತುಗಳಲ್ಲಿ ಹೆಚ್ಚಿನವು ಹೊಸ ಭ್ರೂಣದಲ್ಲಿ ಅಳಿಸಿಹೋಗುತ್ತವೆ. ನಾಜಿ ಹತ್ಯಾಕಾಂಡದಿಂದ ಬದುಕುಳಿದವರ ಮೀಥೈಲ್ ಗುರುತುಗಳ ಬಗ್ಗೆ 2016ರಲ್ಲಿ ಬಂದ ಹೆಸರುವಾಸಿ ಅಧ್ಯಯನದಲ್ಲಿ ಇದ್ದದ್ದು 32 ಮಂದಿ ಮತ್ತು ಅವರ 22 ಮಕ್ಕಳು, ಅಷ್ಟೆ. ನೊಂದ ಸಮುದಾಯದ ಮಕ್ಕಳಿಗೆ ಇಷ್ಟರ ಆಧಾರದ ಮೇಲೆ ‘ನಿನ್ನ ರಕ್ತದಲ್ಲೇ ದೋಷವಿದೆ’ ಎನ್ನುವುದು ಕ್ರೂರ.

ನನಗೆ ಹೆಚ್ಚು ಭರವಸೆ ಕೊಡುವುದು ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಇಲಿಗಳು. ಮೈಕೆಲ್ ಮೀನಿ, ಮೋಶೆ ಸೀಫ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಂತೆ, ಮೊದಲ ವಾರ ತಾಯಿ ಚೆನ್ನಾಗಿ ನೆಕ್ಕಿ ಸಾಕಿದ ಮರಿಗಳು ದೊಡ್ಡವಾದ ಮೇಲೂ ಒತ್ತಡಕ್ಕೆ ಅಷ್ಟಾಗಿ ಬೆದರುವುದಿಲ್ಲ. ಒತ್ತಡದ ಹಾರ್ಮೋನನ್ನು ಹತೋಟಿಯಲ್ಲಿಡುವ ಜೀನಿನ ಮೇಲೆ ಅವುಗಳ ಮಿದುಳಿನಲ್ಲಿ ಮೀಥೈಲ್ ಕಡಿಮೆ. ಅಷ್ಟಾಗಿ ನೆಕ್ಕದ ತಾಯಿ ಹೆತ್ತ ಮರಿಯನ್ನು ಮುದ್ದು ಮಾಡುವ ತಾಯಿಯ ಮಡಿಲಿಗೆ ಹಾಕಿದರೆ, ಮರಿಯಲ್ಲಿ ಮೂಡುವುದು ಸಾಕುತಾಯಿಯ ಗುರುತು. ಬೆಳೆದ ಇಲಿಗಳ ಮಿದುಳಿಗೆ ಔಷಧ ಹಾಕಿದಾಗಲೂ ಆ ಗುರುತು ಬದಲಾಯಿತು, ಅದರೊಂದಿಗೆ ಒತ್ತಡಕ್ಕೆ ಅವು ಸ್ಪಂದಿಸುವ ರೀತಿಯೂ.